ಉಣ್ಣೆ ತೊಟ್ಟವರೇ ಹೊರಬೇಕು

ಮೂರು ಬೀದಿ ಆಚೆ ಹಗ್ಗದ ಮೇಲೆ ಒಣಗುತ್ತಿರುವ ಸ್ವೆಟರಿನ ವಾಸನೆ ಹಿಡಿದು, ಅದಕ್ಕೆ ಉಣ್ಣೆ ಕೊಟ್ಟ ಕುರಿ ಗಂಡೋ ಹೆಣ್ಣೋ, ಎಡಮಗ್ಗುಲಿಗೆ ಮಲಗುತ್ತಿತ್ತೋ ಬಲಮಗ್ಗುಲಿಗೋ ಎಂದು ಹೇಳಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ. ಹಾಗಾಗಿಯೇ ಆ ಬೆಳಿಗ್ಗೆ ಕಡ್ಡಿಯಮ್ಮನ ಶವದ ಪೆಟ್ಟಿಗೆ ನೆಲದಿಂದ ಒಂದು ಗೇಣು ಮೇಲೆದ್ದು ಅಲ್ಲೇ ನಿಂತುಬಿಟ್ಟಾಗ, ಹೊತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು.

ಪೆಟ್ಟಿಗೆಗೆ ನಾಲ್ಕು ಹಿಡಿಕೆ. ಮುಂದಿನ ಎರಡಕ್ಕೆ ಕಡ್ಡಿಯಮ್ಮನ ಮಗ, ಮಗಳು ಕೈಹಾಕಿದ್ದರು. ಹಿಂದಿನದೊಂದನ್ನು ಅವಳ ತಮ್ಮ ಹಿಡಿದಿದ್ದ. ಜೀವಮಾನವಿಡೀ ಬಸ್ಸು ಓಡಿಸಿದವನು, ಎಲ್ಲರಿಗೂ ಡ್ರೈವರ್ ಮಾವ. ನಾಲ್ಕನೆಯದನ್ನು ಸೊಸೆ ಹಿಡಿದಳು. ಹಿಡಿದದ್ದೇ ತಡ, ಮಗಳು ಹೊರಳಿ ನೋಡಿದಳು.

"ನೀನು ಕೈ ಬಿಡು."

"ಯಾಕೆ ಅತ್ತಿಗೆ?"

"ಯಾಕೆ ಅಂತ ಗೊತ್ತಿಲ್ವಾ? ಅಮ್ಮ ಏನು ಹೇಳಿದ್ಲು? ನಾನು ಹೆಣೆದ ಉಣ್ಣೆ ತೊಟ್ಟವರೇ ನನ್ನನ್ನ ಹೊರಬೇಕು ಅಂದಿದ್ಲು."

"ತೊಟ್ಟಿದೀನಲ್ಲ," ಎಂದು ಸೊಸೆ ತನ್ನ ಎದೆಯನ್ನೇ ನೋಡಿಕೊಂಡಳು. ಕೆನೆ ಬಣ್ಣದ ಸ್ವೆಟರು. ಎದೆಯ ಎರಡೂ ಕಡೆ ಹೆಣಿಗೆಯ ದಪ್ಪ ಜಡೆಗಳು ಇಳಿದಿದ್ದವು.

"ಅದು ಉಣ್ಣೆ ಅಂತ ಯಾರು ಹೇಳಿದ್ರು ನಿನಗೆ?"

"ಅತ್ತೇನೇ ಹೇಳಿದ್ರು."

ಡ್ರೈವರ್ ಮಾವನಿಗೆ ಸೊಂಟದ ನೋವು ಬೇರೆ. ಬಗ್ಗಿದವನು ಬಗ್ಗಿದ ಹಾಗೇ ಇದ್ದ. "ಮೂರು ಚಕ್ರದ ಮೇಲೆ ಬಸ್ಸು ಓಡಲ್ಲ ಕಣ್ರೇ," ಎಂದ. "ಬೇಗ ತೀರ್ಮಾನ ಮಾಡಿ. ಇಲ್ಲಾಂದ್ರೆ ನನ್ನನ್ನೂ ಇದರೊಳಗೇ ಮಲಗಿಸಿ."

ಮಗ ಆಗ ಬಾಯಿ ತೆರೆದು, ಬುರುಡೆ ಅಣ್ಣನ್ನ ಕೇಳಿ ಎಂದ. ಅವನ ಅವತ್ತಿನ ಮಾತಿನ ದಾಸ್ತಾನು ಅಷ್ಟಕ್ಕೇ ಮುಗಿಯಿತು.

ಬುರುಡೆ ಅಣ್ಣ ಎಂದರೆ ನಾನು. ಕಡ್ಡಿಯಮ್ಮ ಮಹಡಿಯ ಮೇಲೆ, ಕೆಳಗೆ ನನ್ನ ಉಣ್ಣೆ ಅಂಗಡಿ. ನನಗೆ ಆ ಹೆಸರಿಟ್ಟವರಿಗೆ ಹೊಟ್ಟೆಕಿಚ್ಚು, ಬೇರೇನಲ್ಲ. ನಾನು ಮುಂದೆ ಬಂದು ಸೊಸೆಯ ತೋಳನ್ನು ಎರಡು ಬೆರಳಲ್ಲಿ ಹಿಡಿದೆ. ಕಣ್ಣು ಮುಚ್ಚಿದೆ. ರೈಲಿನ ಎಂಜಿನ್ನಿನ ಹಾಗೆ ಉಸಿರೆಳೆದೆ. ಆ ಉಸಿರಿಗೆ ಕಿಟಕಿಯ ಪರದೆ ಒಳಕ್ಕೆ ಬಾಗಿತು ಎಂದು ನೋಡಿದವರು ಈಗಲೂ ಹೇಳುತ್ತಾರೆ.

"ಅಪ್ಪಟ ಕುರಿ," ಎಂದೆ. "ಬೆಟ್ಟದ ನೆರಳಲ್ಲಿ ಮೇಯ್ದದ್ದು. ಸ್ವಲ್ಪ ಮುಂಗೋಪದ ಪ್ರಾಣಿ."

ಮಗಳು ತುಟಿ ಬಿಗಿದು ಮುಂದಕ್ಕೆ ತಿರುಗಿದಳು. ಪೆಟ್ಟಿಗೆ ಮೇಲೆದ್ದಿತು. ಮೆಟ್ಟಿಲು ಇಳಿಯುವಾಗ ಮಾವನ ಸೊಂಟ ಸೋತು ಇಡೀ ಭಾರ ಸೊಸೆಯ ಕಡೆಗೇ ವಾಲಿತು. ಆದರೂ ಅವಳ ಮುಖ ನೋಡಿದವರಿಗೆ ಇದು ಸಾವಿನ ಮನೆ ಎಂದು ಹೇಳುವುದು ಕಷ್ಟವಿತ್ತು. ಮದುವೆಯ ದಿನವೂ ಅವಳು ಅಷ್ಟು ತಲೆಯೆತ್ತಿ ನಡೆದಿರಲಿಲ್ಲ.

*

ಕಡ್ಡಿಯಮ್ಮ ಎಂಬುದು ಜನ ಕೊಟ್ಟ ಹೆಸರು. ಕೈಯಲ್ಲಿ ಸದಾ ಹೆಣಿಗೆಯ ಕಡ್ಡಿ, ಬಾಯಲ್ಲಿ ಕಡ್ಡಿ ಮುರಿದಂಥ ಮಾತು. ಗಂಡ ಎರಡು ಮಕ್ಕಳನ್ನು ಕೈಗಿತ್ತು ಬೇಗನೆ ಹೋಗಿಬಿಟ್ಟ. ಅಂದಿನಿಂದ ಹೆಣೆದಳು. ಅವಳು ಹೆಣೆದ ನೂಲನ್ನೆಲ್ಲ ಬಿಚ್ಚಿ ಎಳೆದರೆ ಚಂದ್ರನಿಗೆ ನಾಲ್ಕು ಸುತ್ತು ಬಂದು, ಮಿಕ್ಕದ್ದರಲ್ಲಿ ಅವನಿಗೊಂದು ಟೊಪ್ಪಿಗೆಯೂ ಆಗುತ್ತಿತ್ತು.

ಗಿರಾಕಿಗಳಿಗೆ ಅವಳದು ಒಂದೇ ಕರಾರು. ಬಣ್ಣ ನೀವು ಹೇಳಿ, ನೂಲು ನಾನು ಹೇಳ್ತೀನಿ. ಅದೇ ಕಡ್ಡಿ, ಅದೇ ಹೆಣಿಗೆ, ಅದೇ ಕೈ. ನೂಲು ಬದಲಾದರೆ ಸ್ವೆಟರು ಬೇರೆಯೇ ಆಗುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಕುರಿಗೂ ಗೊತ್ತಿರಲಿಲ್ಲ. ಬಿಗಿಯಾಗಿ ಹುರಿ ಹಾಕಿದ ನುಣುಪು ನೂಲಾದರೆ ಒಂದೊಂದು ಕುಣಿಕೆಯೂ ಕಲ್ಲಲ್ಲಿ ಕೆತ್ತಿದ ಹಾಗೆ ಎದ್ದು ನಿಲ್ಲುತ್ತದೆ. ಕೂದಲು ಕೂದಲಾದ ನೂಲಲ್ಲಿ ಎಂಥ ಜಡೆ ಹಾಕಿದರೂ ಮಂಜಿನಲ್ಲಿ ಮುಳುಗಿದ ಹಾಗೆ. ಹುರಿಯಿಲ್ಲದ ಮೆತ್ತನೆಯ ನೂಲು ಅಂಗಡಿಯಲ್ಲಿ ರಾಜಕುಮಾರಿ, ಒಂದು ಚಳಿಗಾಲ ಕಳೆಯುವುದರಲ್ಲಿ ಮೈತುಂಬ ಗಂಟು. ಹತ್ತಿ ನೂಲು ತೊಟ್ಟವನಿಗಿಂತ ಬೇಗ ಜೋತುಬೀಳುತ್ತದೆ.

ಇಷ್ಟು ತಿಳಿದವಳು ಅದನ್ನು ಒಳ್ಳೆಯದಕ್ಕೆ ಬಳಸಬಹುದಿತ್ತು. ಗಿರಾಕಿಗಳ ಮಟ್ಟಿಗೆ ಬಳಸಿದಳು ಕೂಡ. ಮನೆಯವರ ಮೇಲೆ ಮಾತ್ರ ಅದನ್ನು ಚಾಟಿಯ ಹಾಗೆ ಬೀಸಿದಳು. ಹೊಟ್ಟೆ ಕಾಣದ ಹಾಗೆ ಒಂದು ಹೆಣೆದುಕೊಡು ಅಕ್ಕಾ ಎಂದ ಡ್ರೈವರ್ ಮಾವನಿಗೆ ಹೆಬ್ಬೆರಳು ದಪ್ಪದ ನೂಲಿನಲ್ಲಿ ಹಗ್ಗದಂಥ ಜಡೆ ಹಾಕಿ ಕೊಟ್ಟಳು. ಅದನ್ನು ತೊಟ್ಟು ಅವನು ಬಸ್ಸಿನ ಸೀಟಿನಲ್ಲಿ ಕೂತರೆ, ಸೋಫಾದ ಮೇಲೆ ಇನ್ನೊಂದು ಸೋಫಾ ಕೂತ ಹಾಗಿರುತ್ತಿತ್ತು. ಮಗನಿಗೆ ಹುರಿಯೇ ಇಲ್ಲದ ಒಂಟಿ ಎಳೆ. ಅದು ವಾರದಲ್ಲೇ ಗಂಟು ಗಂಟಾಯಿತು. ಏನಮ್ಮಾ ಇದು ಎಂದರೆ, ನಿನ್ನ ಬೆನ್ನುಮೂಳೆ ನೋಡಿಯೇ ನೂಲು ಆರಿಸಿದ್ದು ಎಂದಳು. ಮಗಳಿಗೆ ಆಡಿನ ಕೂದಲು ಬೆರೆಸಿದ ಕಪ್ಪು ಉಣ್ಣೆಯಲ್ಲಿ ಹೂಬಳ್ಳಿ ಹೆಣೆದಳು. ಹೂವೂ ಕಾಣಲಿಲ್ಲ, ಬಳ್ಳಿಯೂ ಕಾಣಲಿಲ್ಲ. ಎಲ್ಲಿದೆ ಎಂದು ಕೇಳಿದ ಮಗಳಿಗೆ, ವರ್ಷಕ್ಕೊಂದು ಸಲ ಬರ್ತೀಯಲ್ಲ, ಹುಡುಕ್ತಾ ಕೂತ್ಕೋ, ಹೊತ್ತು ಹೋಗುತ್ತೆ ಎಂಬ ಉತ್ತರ.

ಆದರೂ ಅವೆಲ್ಲ ಉಣ್ಣೆ. ಗಂಡ ಸತ್ತ ಹೊಸದರಲ್ಲಿ ಉಂಡೆ ಉಂಡೆಯಾಗಿ ತಂದು, ತಾನು ಗೋಣಿಯಂಥ ಹಳೇ ಕೋಟಿನಲ್ಲಿ ನಡುಗುತ್ತಾ, ಮಕ್ಕಳಿಗೂ ತಮ್ಮನಿಗೂ ಉಣ್ಣೆಯನ್ನೇ ತೊಡಿಸಿದವಳು ಅವಳು. ಆ ಬಡತನ ಹೋಯಿತು, ಅದರ ಬಿಗಿ ಮಾತ್ರ ಹಾಗೇ ಉಳಿದು ಒಂದು ಕಾನೂನಾಯಿತು. ನನ್ನ ರಕ್ತಕ್ಕೆ ಉಣ್ಣೆ, ಹೊರಗಿಂದ ಬಂದವರಿಗೆ ಪ್ಲಾಸ್ಟಿಕ್ಕು. ಕಾರ್ಖಾನೆಯಲ್ಲಿ ಕಚ್ಚಾ ತೈಲದಿಂದ ಎಳೆದ ನೂಲನ್ನೆಲ್ಲ ಅವಳು ಪ್ಲಾಸ್ಟಿಕ್ಕು ಎಂದೇ ಕರೆಯುತ್ತಿದ್ದಳು.

ಸೊಸೆ ಮನೆಗೆ ಬಂದ ಮೊದಲ ಚಳಿಗಾಲಕ್ಕೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕು ಸಿಕ್ಕಿತು. ಹುಡುಗಿ ಅದನ್ನು ತೊಟ್ಟು ಗಂಡನ ಜೊತೆ ಫೋಟೋ ತೆಗೆಸಿಕೊಂಡಳು. ಸ್ಟುಡಿಯೋದ ಬೆಳಕಿಗೆ ಆ ನೂಲು ಫಳಫಳ ಹೊಳೆದು, ಗಂಡನ ಪಕ್ಕದಲ್ಲಿ ಯಾರೋ ಬಕೆಟ್ಟು ಬೋರಲು ಹಾಕಿದ ಹಾಗೆ ಬಂತು. ಅತ್ತೆ ಆ ಫೋಟೋಗೆ ತಾನೇ ಕಟ್ಟು ಹಾಕಿಸಿ ಬಾಗಿಲಿನ ಎದುರೇ ತೂಗುಹಾಕಿದಳು. ಇದು ನಿಮ್ಮದರ ಹಾಗೆ ಯಾಕೆ ಬೆಚ್ಚಗಿಲ್ಲ ಅತ್ತೆ ಎಂದು ಸೊಸೆ ಕೇಳಿದಳಂತೆ. ಉಣ್ಣೆಗೆ ಮೈಗುರುತು ಇರುತ್ತೆ, ನಮ್ಮವರನ್ನ ಮಾತ್ರ ಬೆಚ್ಚಗಿಡುತ್ತೆ ಎಂದಳಂತೆ ಕಡ್ಡಿಯಮ್ಮ. ಪಾಪದ್ದು, ಒಂದಿಡೀ ಚಳಿಗಾಲ ಅದನ್ನು ನಂಬಿತ್ತು.

ಅಲ್ಲಿಂದ ಮುಂದೆ ಸೊಸೆಗಿದ್ದದ್ದು ಒಂದೇ ಆಸೆ. ಒಂದು ಸಲ ನನ್ನ ಅಂಗಡಿಯಲ್ಲಿ ಉಣ್ಣೆಯ ಉಂಡೆಯೊಂದನ್ನು ಕೆನ್ನೆಗೊತ್ತಿಕೊಂಡು ನಿಂತಿದ್ದಳು. ತಗೊಂಡು ಹೋಗಮ್ಮ, ನೀನೇ ಹೆಣೆದುಕೋ ಎಂದೆ.

"ನಾನು ಕೊಂಡ್ರೆ ಅದು ನಿಮ್ಮಂಗಡಿ ಉಣ್ಣೆ ಅಣ್ಣ," ಎಂದಳು. "ಅತ್ತೆ ಉಣ್ಣೆ ಆಗಲ್ಲ."

*

ಸ್ಮಶಾನದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚಾಕು ತಂದಿದ್ದರೆ ಹೋಳು ಮಾಡಿ ಮನೆಗೆ ಒಯ್ಯಬಹುದಿತ್ತು. ಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಳಿಸಿ ನಾಲ್ವರೂ ಸಾಲಾಗಿ ನಿಂತರು. ಹನಿಗಳು ಸ್ವೆಟರುಗಳ ಮೇಲೆ ಸಾಸಿವೆಯ ಹಾಗೆ ಕೂತವು. ಆ ಸಾಲಿನಲ್ಲಿ ಕಣ್ಣು ನಿಲ್ಲುವಂಥದ್ದು ಒಂದೇ ಇತ್ತು. ಮಾವ ಸೋಫಾ, ಮಗ ಕಜ್ಜಿ ಕುರಿ, ಮಗಳು ಕಪ್ಪು ಮೋಡದ ತುಂಡು. ಅವರ ತುದಿಯಲ್ಲಿ ಸೊಸೆ, ಆ ಕೆನೆ ಬಣ್ಣದ ಜಡೆಗಳಲ್ಲಿ, ಯಾರೋ ಹಾಲುಗಲ್ಲಿನಲ್ಲಿ ಕಡೆದು ನಿಲ್ಲಿಸಿದ ಹಾಗೆ. ಬಂದವರೆಲ್ಲ ಸತ್ತವಳನ್ನು ಬಿಟ್ಟು ಅದನ್ನೇ ನೋಡಿದರು. ಕೊನೆಗಾಲದಲ್ಲಿ ಮುದುಕಿಗೆ ಬುದ್ಧಿ ಬಂತು, ಸೇವೆ ಮಾಡಿದವಳನ್ನು ಗುರುತಿಸಿದಳು ಎಂದು ಹೆಂಗಸರು ಪಿಸುಗುಟ್ಟಿದ್ದು ಸೊಸೆಯ ಕಿವಿಗೂ ಬಿತ್ತು. ಅವಳು ನೆಲ ನೋಡಿದಳು. ಕಿವಿ ಮಾತ್ರ ಕೆಂಪಾದವು.

ನೆನೆದ ಉಣ್ಣೆ ವಾಸನೆ ಬಿಡುತ್ತದೆ. ಅವತ್ತಂತೂ ಸ್ಮಶಾನವೆಲ್ಲ ಕುರಿದೊಡ್ಡಿಯಾಯಿತು. ಗುಂಡಿ ತೋಡಿದವನು ಸೀನಿ, ಇಲ್ಲಿ ಕುರಿ ಬಿಟ್ಟವರು ಯಾರು ಎಂದು ಸುತ್ತಲೂ ನೋಡಿದ.

ಆಗ ಒಂದು ವಿಚಿತ್ರ ನಡೆಯಿತು. ಮಗಳು ಸಾಲು ಬಿಟ್ಟು ಹೋಗಿ ಸೊಸೆಯನ್ನು ತಬ್ಬಿಕೊಂಡಳು. ಆ ಮನೆಗೆ ಕಾಲಿಟ್ಟಾಗಿನಿಂದ ಅತ್ತಿಗೆ ಅವಳನ್ನು ಮುಟ್ಟಿದ್ದು ಅದೇ ಮೊದಲು. ಸೊಸೆಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಅತ್ತಿಗೆಯ ಬೆನ್ನ ಮೇಲಿಟ್ಟು ಅಳತೊಡಗಿದಳು. ನೋಡಿದವರ ಕಣ್ಣೂ ಒದ್ದೆ. ನನಗೆ ಮಾತ್ರ ಮಗಳ ಮುಖ ಕಾಣುತ್ತಿತ್ತು. ಅವಳು ಸೊಸೆಯ ಹೆಗಲಿಗೆ ಮೂಗು ಒತ್ತಿ, ನಿಧಾನವಾಗಿ, ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು.

*

ಕೊನೆಯ ವರ್ಷಗಳಲ್ಲಿ ಕಡ್ಡಿಯಮ್ಮ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಳು. ಕಣ್ಣೂ ಮಂಜಾಯಿತು. ಅವಳನ್ನು ಬಚ್ಚಲಿಗೆ ಹೊತ್ತೊಯ್ದದ್ದು, ಮೈ ಒರೆಸಿದ್ದು, ಮಲ ಬಳಿದದ್ದು ಎಲ್ಲವೂ ಸೊಸೆ. ನಿನ್ನ ಕೈ ಮರಳುಕಾಗದ, ಮುಟ್ಟಿದ್ರೆ ಚರ್ಮ ಕಿತ್ತು ಬರುತ್ತೆ ಎಂದು ಮುದುಕಿ ಕೂಗಿದ್ದು ಕೆಳಗೆ ನನ್ನ ಅಂಗಡಿಗೆ ಕೇಳಿಸುತ್ತಿತ್ತು. ಸೊಸೆ ಅಡುಗೆಮನೆಗೆ ಹೋಗಿ ಅಂಗೈಗೆ ಎಣ್ಣೆ ಸವರಿಕೊಂಡು ಬರುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಮೆಟ್ಟಿಲಿಳಿದು ಓಡಿಬಂದಳು. ನಾನು ಬೆಂಕಿಯೇ ಬಿತ್ತು ಎಂದುಕೊಂಡು ಅಂಗಡಿಯ ಕಪಾಟನ್ನು ಒಂದೇ ಕೈಯಲ್ಲಿ ಎತ್ತಿ ಬೀದಿಗೆ ಇಟ್ಟುಬಿಟ್ಟೆ.

"ಅತ್ತೆ ನನ್ನ ಬೆನ್ನು ಅಳೆದ್ರು ಅಣ್ಣ," ಎಂದಳು.

ಗೇಣಿನಲ್ಲಿ ಅಳೆದಳಂತೆ. ಹೆಗಲಿಂದ ಹೆಗಲಿಗೆ, ಕುತ್ತಿಗೆಯಿಂದ ಸೊಂಟಕ್ಕೆ. ಆಮೇಲೆ ಚಳಿಗಾಲವಿಡೀ ಹಾಸಿಗೆಯಲ್ಲಿ ಕಡ್ಡಿಗಳು ಆಡಿದವು. ಹೆಣೆದು ಮುಗಿದ ದಿನ ಸ್ವೆಟರನ್ನು ಹೊದಿಕೆಯ ಮೇಲೆ ಎಸೆದು, ತಗೋ, ಉಣ್ಣೆ, ಇನ್ಮೇಲೆ ನೀನೂ ಹೊರಬಹುದು ಎಂದಳು. ಸೊಸೆ ಅದನ್ನು ಒಂದು ದಿನವೂ ತೊಡಲಿಲ್ಲ. ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಉಣ್ಣೆಗೆ ಹುಳು ಬೀಳುತ್ತದೆಂದು ನನ್ನ ಅಂಗಡಿಯಿಂದಲೇ ನುಸಿಗುಳಿಗೆ ಕೊಂಡೊಯ್ದು ಅದರ ಮಡಿಕೆಗಳಲ್ಲಿ ಹಾಕಿದಳು. ಆಮೇಲೆ ಅತ್ತೆ ಏನು ಬೈದರೂ ಅವಳು ನಗುತ್ತಿದ್ದಳು. ಬೈಯುವ ಹಕ್ಕು ತನ್ನವರಿಗೆ ತಾನೆ ಇರುವುದು.

*

ಮನೆಗೆ ಹಿಂದಿರುಗಿ ಎಲ್ಲರೂ ಕಬ್ಬಿಣದ ಒಲೆಯ ಸುತ್ತ ಕೂತು ಮೈ ಕಾಯಿಸಿಕೊಂಡರು. ಸೊಸೆ ಎಲ್ಲರಿಗೂ ಬಿಸಿಬಿಸಿ ಚಹಾ ತಂದುಕೊಟ್ಟಳು. ಮಗಳು ಲೋಟ ತೆಗೆದುಕೊಳ್ಳಲಿಲ್ಲ.

"ಎಲ್ಲರ ಸ್ವೆಟರೂ ನಾತ ಹೊಡೀತಿದೆ," ಎಂದಳು. "ಇವಳದು ಇಲ್ಲ. ಬರೀ ನುಸಿಗುಳಿಗೆ ವಾಸನೆ."

ಬುರುಡೆ ಅಣ್ಣ ನೋಡಿ ಹೇಳಿದಾನಲ್ಲ, ಬಿಡು ಎಂದು ಡ್ರೈವರ್ ಮಾವ ಗೊಣಗಿದ. ಬಿಡುವವಳಲ್ಲ ಅವಳು, ಕಡ್ಡಿಯಮ್ಮನ ಮಗಳು. ನೂಲು ಸುಟ್ಟು ನೋಡೋಣ ಎಂದಳು. ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿದ್ದ ಪರೀಕ್ಷೆ ಅದು. ಉಣ್ಣೆಯ ಎಳೆಗೆ ಬೆಂಕಿ ತಾಗಿಸಿದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿ ತಾನಾಗಿ ಆರುತ್ತದೆ, ಬೆರಳಲ್ಲಿ ಹೊಸಕಿದರೆ ಬೂದಿಯಾಗುತ್ತದೆ. ಪ್ಲಾಸ್ಟಿಕ್ಕು ಹಾಗಲ್ಲ. ಧಗ್ಗೆಂದು ಹತ್ತಿ, ಕರಗಿ, ಕಪ್ಪು ಮಣಿಯಾಗಿ ಗಟ್ಟಿಯಾಗುತ್ತದೆ.

ಇಂಥ ದಿನ ಬೇಡ ಎಂದು ನಾನೇ ಅಡ್ಡ ಬಂದೆ. ಸತ್ತವರ ಮನೆಯಲ್ಲಿ ಬೆಂಕಿ ಕಡ್ಡಿ ಗೀರಿದರೆ ಮುಂದಿನ ಏಳು ಪೀಳಿಗೆಗೆ ಕೆಮ್ಮು ಹಿಡಿಯುತ್ತದೆ ಎಂದು ಅಲ್ಲೇ ಒಂದು ಶಾಸ್ತ್ರ ಹುಟ್ಟಿಸಿ ಹೇಳಿದೆ. ಯಾರೂ ಕೇಳಲಿಲ್ಲ. ಸೊಸೆಯೇ ಸ್ವೆಟರಿನ ಅಂಚು ಮಡಿಸಿ, ಒಳಗೆ ಸೇರಿಸಿಟ್ಟಿದ್ದ ನೂಲಿನ ಬಾಲವನ್ನು ಹುಡುಕಿ, ಹಲ್ಲಲ್ಲಿ ಕಡಿದು ಅತ್ತಿಗೆಯ ಕೈಗೆ ಕೊಟ್ಟಳು.

"ಸುಡಿ ಅತ್ತಿಗೆ," ಎಂದಳು. "ಆ ವಾಸನೆ ಹೇಗಿರುತ್ತೆ ಅಂತ ನಾನೂ ನೋಡಬೇಕು. ಸುಟ್ಟು ನೋಡೋಕೆ ನನ್ನ ಹತ್ರ ಯಾವತ್ತು ಉಣ್ಣೆ ಇತ್ತು?"

ಮಗಳು ಕಡ್ಡಿ ಗೀರಿದಳು. ನೂಲು ಧಗ್ಗೆಂದು ಉರಿಯಿತು. ಕಪ್ಪು ಹೊಗೆ ಸುರುಳಿಯಾಗಿ ಎದ್ದಿತು. ಮಗಳು ತಟ್ಟೆಗೆ ಉದುರಿಸಿದ್ದು ಟಿಣ್ ಎಂದು ಸದ್ದು ಮಾಡಿತು. ಮೆಣಸಿನ ಕಾಳಿನಂಥ ಕಪ್ಪು ಮಣಿ. ಸೊಸೆ ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಇನ್ನೂ ಬಿಸಿಯಿತ್ತು, ಚುರ್ ಎಂದಿತು. ಅವಳು ಬೆರಳು ತೆಗೆಯಲಿಲ್ಲ. ಪುಡಿಯಾಗಬಹುದೆಂದು ಇನ್ನೊಮ್ಮೆ ಒತ್ತಿದಳು.

ಆ ಬೆರಳು ನೋಡಲಾಗದೆ ನಾನು ಎದ್ದು ನಿಂತೆ. ತಪ್ಪು ನನ್ನದು ಎಂದೆ. ಉಣ್ಣೆ ಎಂದು ಹೇಳಿ ಕಡ್ಡಿಯಮ್ಮನಿಗೆ ಪ್ಲಾಸ್ಟಿಕ್ಕು ಕೊಟ್ಟವನು ನಾನೇ, ಕಣ್ಣು ಕಾಣದ ಮುದುಕಿಗೆ ಮೋಸ ಮಾಡಿದೆ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಹುರುಪು ಬಂತು. ಇಪ್ಪತ್ತು ವರ್ಷದಿಂದ ಇಡೀ ಊರಿಗೆ ಹೀಗೇ ಮಾಡಿದ್ದೇನೆ, ನನ್ನಂಥ ಕಳ್ಳ ಏಳು ಸಮುದ್ರದಾಚೆಯೂ ಹುಟ್ಟಿಲ್ಲ ಎಂದೆ. ಡ್ರೈವರ್ ಮಾವ ನನ್ನ ಕಾಲರು ಹಿಡಿದ. ಹಿಡಿಯಲಿ, ನಾಲ್ಕು ಬಾರಿಸಲಿ ಎಂದೇ ನಾನೂ ಕಾದಿದ್ದೆ.

"ಬಿಡಿ ಮಾವ," ಎಂದಳು ಸೊಸೆ.

ಅವಳು ನನ್ನ ಎದುರು ಬಂದು ನಿಂತಳು.

"ಅತ್ತೆ ಕಣ್ಣು ಮಂಜಾಗಿತ್ತು ಅಣ್ಣ, ಬೆರಳು ಆಗಿರ್ಲಿಲ್ಲ. ನಾನು ದಿಂಬಿನ ಚೀಲ ಬದಲಾಯಿಸಿದ್ರೆ ಮುಟ್ಟಿದ ತಕ್ಷಣ ಯಾವ ಅಂಗಡಿದು ಅಂತಿದ್ರು. ಅವರ ಕೈಗೆ ಪ್ಲಾಸ್ಟಿಕ್ ಕೊಟ್ಟು ಉಣ್ಣೆ ಅಂತ ನಂಬಿಸೋಕೆ ನಿಮ್ಮಿಂದಾಗುತ್ತಾ?"

ನಾನು ಆಗುತ್ತೆ ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಬುರುಡೆ ಬೇಡ ಅಣ್ಣ. ನನಗೆ ಹೇಳಿ."

ಹುಟ್ಟಿದಾಗಿನಿಂದ ಯಾರ ಎದುರೂ ತೊದಲದ ನಾಲಿಗೆ ನನ್ನದು. ಅವತ್ತು ತೊದಲಿತು. ಮೊದಲು ಸಣ್ಣ ನಿಜ ಹೇಳಿದೆ. ನನ್ನ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ. ಅಂಗಡಿಯ ನುಸಿಗುಳಿಗೆಗಳ ನಡುವೆ ಕೂತು ಕೂತು ಅದು ಎಂದೋ ಸತ್ತುಹೋಗಿದೆ. ಸ್ಮಶಾನದಲ್ಲಿ ಕುರಿದೊಡ್ಡಿಯ ವಾಸನೆ ಬಂತು ಎಂದದ್ದು ಗುಂಡಿ ತೋಡಿದವನ ಮಾತು ಕೇಳಿ. ಕಪಾಟನ್ನೂ ನಾನು ಎತ್ತಿರಲಿಲ್ಲ.

ಅವಳು ಕಾಯುತ್ತಲೇ ಇದ್ದಳು. ಆಮೇಲೆ ದೊಡ್ಡದನ್ನೂ ಹೇಳಬೇಕಾಯಿತು.

ಅವಳು ಔಷಧಿ ತರಲು ಹೋಗಿದ್ದ ಹೊತ್ತಿನಲ್ಲಿ ಕಡ್ಡಿಯಮ್ಮ ನನ್ನನ್ನು ಮೇಲಕ್ಕೆ ಕರೆಸಿದ್ದಳು. ನಾನು ಅಂಗಡಿಯ ಒಳ್ಳೊಳ್ಳೆಯ ಉಣ್ಣೆಯನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ಒಂದೊಂದನ್ನೂ ಮೇಲುತುಟಿಗೆ ಒತ್ತಿ ನೋಡಿ ಪಕ್ಕಕ್ಕೆ ಸರಿಸಿದಳು. ಪ್ಲಾಸ್ಟಿಕ್ಕು ತಾ ಎಂದಳು. ಅದರಲ್ಲೂ ಹೊಳಪಿಲ್ಲದ್ದು, ಹುರಿ ಬಿಗಿಯಾಗಿರುವಂಥದ್ದು. ಹೆಣಿಗೆ ಎದ್ದು ಕಾಣಬೇಕು, ನೋಡಿದವರು ಉಣ್ಣೆ ಅನ್ನಬೇಕು, ನೀನೂ ಹಾಗೇ ಅನ್ನಬೇಕು ಎಂದಳು. ಹೂಂ ಎಂದೆ. ಗಿರಾಕಿ ಅಂದಮೇಲೆ ಗಿರಾಕಿ. ಯಾರಿಗೆ ಎಂದು ಕೇಳಿದೆ.

"ಏನಂದ್ರು?" ಎಂದಳು ಸೊಸೆ.

"ಅವಳಿಗೆ ಅಂದ್ರು. ಹೊರೋಕೆ ನನ್ನವರು ಮೂರೇ ಜನ ಇದಾರೆ, ನಾಲ್ಕನೇ ಹಿಡಿಕೆಗೆ ಒಬ್ರು ಬೇಕಲ್ಲ ಅಂದ್ರು. ಅದಕ್ಕೋಸ್ಕರ ಉಣ್ಣೆ ಹಾಳು ಮಾಡೋಕಾಗುತ್ತಾ ಅಂದ್ರು."

ಒಲೆಯೊಳಗೆ ಕಟ್ಟಿಗೆ ಕುಸಿದ ಸದ್ದು. ಡ್ರೈವರ್ ಮಾವನ ಹೆಗಲು ಕುಲುಕಿತು. ಅಳುತ್ತಿದ್ದಾನೆ ಎಂದುಕೊಂಡೆ, ನಗುತ್ತಿದ್ದ. ಅಕ್ಕ ಅಂದ್ರೆ ಅಕ್ಕ, ಸತ್ತ ಮೇಲೂ ಚಾಕರಿ ಮಾಡಿಸಿಕೊಂಡ್ಲು ನೋಡು ಎಂದು ಕೆಮ್ಮು ಬರುವ ತನಕ ನಕ್ಕ. ಮಗ ತಲೆ ಬಗ್ಗಿಸಿ ತನ್ನ ತೋಳಿನ ಗಂಟುಗಳನ್ನು ಒಂದೊಂದಾಗಿ ಕಿತ್ತು ಒಲೆಗೆ ಹಾಕುತ್ತಿದ್ದ. ಅವು ಸುಟ್ಟ ವಾಸನೆ ಕೋಣೆಯಲ್ಲಿ ಹರಡಿತಂತೆ. ಮಗಳು ಮೂಗು ಮುಚ್ಚಿಕೊಂಡದ್ದರಿಂದ ನನಗೆ ತಿಳಿಯಿತು.

"ಹೋಗ್ಲಿ ಬಿಡು," ಎಂದಳು ಮಗಳು, ಆರಿದ ಚಹಾ ಎತ್ತಿಕೊಳ್ಳುತ್ತಾ. "ನಿನಗೆ ಚೆನ್ನಾಗೇ ಕಾಣುತ್ತೆ."

ಸೊಸೆ ಎರಡೂ ಕೈ ಅಡ್ಡಹಾಕಿ ಸ್ವೆಟರಿನ ಅಂಚು ಹಿಡಿದು ತಲೆಯ ಮೇಲಿಂದ ಎಳೆದಳು. ಒಲೆಯ ಕಾವಿಗೆ ಒಣಗಿ ಕಾಗದದಂತಾಗಿದ್ದ ಆ ನೂಲು ಚಟಚಟನೆ ಸಿಡಿಯಿತು. ತಲೆಯ ಕೂದಲೆಲ್ಲ ಎದ್ದು ನಿಂತು, ಎಳೆ ಎಳೆಯಾಗಿ ಸ್ವೆಟರಿನ ಕಡೆಗೇ ಚಾಚಿಕೊಂಡಿತು. ಅವಳು ತೋಳು ಉದ್ದ ಮಾಡಿ ಅದನ್ನು ದೂರ ಹಿಡಿದಳು. ಕೂದಲು ಇಳಿಯಲಿಲ್ಲ. ಇನ್ನಷ್ಟು ದೂರ ಹಿಡಿದಳು. ಸ್ವೆಟರಿನ ಒಂದು ಖಾಲಿ ತೋಳು ಮೆಲ್ಲಗೆ ಮೇಲೆದ್ದು ಬಂದು, ಅವಳ ಬರಿಯ ಮೊಣಕೈಗೆ ಅಂಟಿಕೊಂಡಿತು.